ಮುತ್ತುಗದ ಹೂ, ಕೃಷ್ಣೆ ಮತ್ತು ಕೆ.ಟಿ. ದೊಡ್ಡಿಯ ಹತ್ತಿ

ರಾಯಚೂರಿನಿಂದ ಗದ್ವಾಲದ ಕಡೆಗೆ ಹೊರಟು ಗಡಿ ದಾಟಿದರೆ ಸಿಗುವ ಸೀಮೆ ಕೆ.ಟಿ. ದೊಡ್ಡಿ. ಪೂರ್ತಿ ಹೆಸರು ಕಾಲೂರು ತಿಮ್ಮನದೊಡ್ಡಿ. ಇಂದು ಅದು ತೆಲಂಗಾಣದ ಜೋಗುಲಾಂಬ ಗದ್ವಾಲ ಜಿಲ್ಲೆಯಲ್ಲಿದೆ. ಆದರೆ 1956ರಲ್ಲಿ ಭಾಷಾವಾರು ರಾಜ್ಯಗಳಾಗುವವರೆಗೆ ಗದ್ವಾಲ, ಆಲಂಪುರ ತಾಲೂಕುಗಳು ನಮ್ಮ ರಾಯಚೂರು ಜಿಲ್ಲೆಯವೇ. ಗೆರೆ ಬಿದ್ದರೂ ಬೀಗತನ ನಿಂತಿಲ್ಲ, ಮಾತೂ ನಿಂತಿಲ್ಲ. ಚಹಾದ ಅಂಗಡಿಯಲ್ಲಿ ನಮ್ಮ ಹುಡುಗರು ಕಷ್ಟಪಟ್ಟು ತೆಲುಗಿನಲ್ಲಿ ಕೇಳಿದರೆ, ಉತ್ತರ ಕನ್ನಡದಲ್ಲಿ ಬಂತು!

ಪಾಸ್ಖ ಹಬ್ಬದ ಚಿತ್ರ ಪ್ರದರ್ಶನಕ್ಕೆ ಹೂವು ಮತ್ತು ಹೊಳೆಯ ಫೋಟೋ ಬೇಕೆಂದು ಧರ್ಮಕೇಂದ್ರದ ಯುವಜನರು ತಪಸ್ಸುಕಾಲದ ಒಂದು ಶನಿವಾರ ಹೊರಟರು; ಜೊತೆಗೆ ನಾನೂ. ಆಗ ಮುತ್ತುಗ ಅರಳುವ ಕಾಲ. ಗಿಡದಲ್ಲಿ ಎಲೆ ಇರುವುದಿಲ್ಲ, ಕಪ್ಪು ಕೊಂಬೆಯ ತುಂಬ ಕೆಂಡದಂಥ ಹೂವು. ಊಟಕ್ಕೆ ಪತ್ರಾವಳಿ ಕೊಡುವ ಮರ ಇದೇ ಎಂದಾಗ ಪೇಟೆಯ ಮಕ್ಕಳು ನಂಬಲಿಲ್ಲ.

ಅಲ್ಲಿಂದ ಮುಂದೆ ಜೂರಾಲ ಅಣೆಕಟ್ಟು. ಮಹಾಬಲೇಶ್ವರದಲ್ಲಿ ಹುಟ್ಟಿ, ಆಲಮಟ್ಟಿ, ನಾರಾಯಣಪುರಗಳಲ್ಲಿ ತಡೆದು ನಿಂತು ಬರುವ ಕೃಷ್ಣೆ ಬೇಸಿಗೆಯಲ್ಲಿ ಇಲ್ಲಿ ಬಡವಾಗಿರುತ್ತಾಳೆ. ಅಣೆಕಟ್ಟಿನ ಕೆಳಗೆ ಬರೀ ಬಂಡೆ, ನಡುವೆ ಅಲ್ಲಲ್ಲಿ ಮಡುವು. 2009ರ ಅಕ್ಟೋಬರ್‌ನಲ್ಲಿ ಇದೇ ಹೊಳೆ ಊರುಗಳಿಗೆ ನುಗ್ಗಿತ್ತೆಂದು ನೋಡಿದರೆ ಹೇಳಲಾಗದು. ಜೂರಾಲದ ಮೀನು ಹೆಸರಾದದ್ದು. ತಪಸ್ಸುಕಾಲಕ್ಕೆ ಅಡ್ಡಿಯಿಲ್ಲದ ಊಟವೆಂದು ಎಲ್ಲರೂ ನನ್ನ ಮುಖ ನೋಡಿದರು; ನಾನೂ ಬೇಡವೆನ್ನಲಿಲ್ಲ.

ವಾಪಸು ಬರುವಾಗ ಕೆ.ಟಿ. ದೊಡ್ಡಿಯ ಹತ್ತಿರ ಒಂದು ಹೊಲದ ಬದುವಿನಲ್ಲಿ ಇಳಿದೆವು. ಹತ್ತಿ ಕಟ್ಟಿಗೆ ಒಟ್ಟುತ್ತಿದ್ದ ಒಬ್ಬ ತಾಯಿ ನಮ್ಮ ಕ್ಯಾಮೆರಾ ನೋಡಿ, "ಒಣ ಗಿಡದಾಗ ಏನ್ ಹೂವ ಹುಡುಕ್ತೀರಿ ಅಪ್ಪಾರ? ಭಾದ್ರಪದದಾಗ ಬರ್ರಿ, ಹೊಲದ ತುಂಬ ಹೂವ, ಹೂವಿಗೊಂದು ಕೈ" ಎಂದರು.

"ಹೂವಿಗೊಂದು ಕೈ" ಎಂಬ ಮಾತನ್ನು ಬಿಡಿಸಿ ಹೇಳಬೇಕು. ಗದ್ವಾಲ ಸೀಮೆ ಹತ್ತಿ ಬೀಜೋತ್ಪಾದನೆಗೆ ಹೆಸರಾದದ್ದು. ಹೈಬ್ರಿಡ್ ಬೀಜ ತಾನಾಗಿ ಆಗದು. ಸಂಜೆ ಹೆಣ್ಣು ಗಿಡದ ಮೊಗ್ಗು ಬಿಡಿಸಿ, ಒಳಗಿನ ಕೇಸರವನ್ನು ಉಗುರಿನಿಂದ ಕಿತ್ತು ತೆಗೆಯಬೇಕು. ಮರುದಿನ ಬೆಳಿಗ್ಗೆ ಗಂಡು ಗಿಡದ ಹೂವು ತಂದು ಅದಕ್ಕೆ ಪರಾಗ ತಾಗಿಸಬೇಕು. ಹೀಗೆ ಒಂದೊಂದು ಹೂವಿಗೂ, ದಿನವೂ, ವಾರಗಟ್ಟಲೆ. ನಮ್ಮ ಧಾರವಾಡದಲ್ಲಿ 1972ರಲ್ಲಿ ಹೊರಬಂದ 'ವರಲಕ್ಷ್ಮಿ' ಹೈಬ್ರಿಡ್ ಹತ್ತಿಯ ಬೀಜವೂ ಇಂಥ ಕೈಗಳಿಂದಲೇ ಆಗುತ್ತಿತ್ತು. ಈ ಕೆಲಸಕ್ಕೆ ಹೆಚ್ಚಾಗಿ ಹೆಂಗಸರು, ಜೊತೆಗೆ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು. ಸಣ್ಣ ಬೆರಳೇ ಚೆನ್ನ ಎನ್ನುತ್ತಾರೆ. ನನಗನಿಸುವಂತೆ ಬೆರಳಿಗಿಂತ ಕೂಲಿ ಸಣ್ಣದು, ಅದೇ ನಿಜವಾದ ಕಾರಣ. 14 ವರ್ಷದೊಳಗಿನವರನ್ನು ದುಡಿಸಬಾರದೆಂದು 2016ರ ಕಾನೂನು ಹೇಳುತ್ತದೆ. ಶಾಲೆಯ ನಂತರ ಮನೆಯ ಹೊಲದಲ್ಲಿ ನೆರವಾಗಬಹುದು ಎಂದು ಅದೇ ಕಾನೂನಿನಲ್ಲಿ ಒಂದು ಕಿಂಡಿಯೂ ಇದೆ.

ತಾಯಿಯ ಪಕ್ಕದಲ್ಲೇ ಮಗಳು ನಿಂತಿದ್ದಳು. ನಮ್ಮ ಯುವತಿಯೊಬ್ಬಳು ತನ್ನ ಮೊಬೈಲಿನಲ್ಲಿದ್ದ ಮುತ್ತುಗದ ಹೂವು ತೋರಿಸಿ, "ಚಂದ ಐತಿ ಅಲ್ಲ?" ಎಂದಳು. ಹುಡುಗಿ ನೋಡಿದಳು. "ಇದಕ್ಕ ಕೆಲಸ ಇಲ್ಲೇನಕ್ಕ?" ಎಂದು ಕೇಳಿದಳು. ಯಾವ ಕ್ಲಾಸು ಎಂದಾಗ ಏಳನೆಯದು ಎಂದಳು. ಹತ್ತಿ ಹೂವಿನ ದಿನಗಳಲ್ಲಿ ಶಾಲೆಗೆ ಹೋಗಲಿಲ್ಲವಂತೆ. ತಾಯಿ ನಡುವೆ ಬಾಯಿ ಹಾಕಿ, "ಸಾಲ ತೀರಬೇಕಲ್ರೀ" ಎಂದರು. ಆ ಮಾತಿಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಜೀಪಿನಲ್ಲಿ ಬಹಳ ಹೊತ್ತು ಯಾರೂ ಫೋಟೋ ನೋಡಲಿಲ್ಲ. ರಾಯಚೂರು ಬರುವ ಹೊತ್ತಿಗೆ ಯುವಜನರೇ ಒಂದು ಮಾತಿಗೆ ಬಂದಿದ್ದರು: ಭಾದ್ರಪದದಲ್ಲಿ ಮತ್ತೆ ಹೋಗುವುದು. ಯಾವ ದಿನ ಎಂದು ಕೇಳಿದೆ. ಭಾನುವಾರ ಬೇಡ ಫಾದರ್, ಶಾಲೆ ನಡೆಯುವ ದಿನ ಎಂದರು.