ತಲೆನೋವಿನ ಕುಲಗೋತ್ರ

ಮನುಷ್ಯನಿಗೆ ಬರುವ ನೋವುಗಳಲ್ಲೆಲ್ಲ ಮರ್ಯಾದೆ ಕಡಮೆಯಾದದ್ದು ತಲೆನೋವು. ಕಾಲು ಮುರಿದವನಿಗೆ ಕಟ್ಟಿದ ಪಟ್ಟಿಯ ಸಾಕ್ಷಿಯಿದೆ. ಜ್ವರ ಬಂದವನಿಗೆ ಥರ್ಮಾಮೀಟರಿನ ಸಾಕ್ಷಿಯಿದೆ. ಹಲ್ಲುನೋವಿನವನ ಕೆನ್ನೆಯಾದರೂ ಊದಿಕೊಂಡು ಅವನ ಪರವಾಗಿ ನಾಲ್ಕು ಮಾತು ಹೇಳುತ್ತದೆ. ತಲೆನೋವಿನವನಿಗೆ ಮಾತ್ರ ತನ್ನ ಬಾಯಿಯ ಹೊರತು ಬೇರೆ ಸಾಕ್ಷಿಯಿಲ್ಲ. ಅದಕ್ಕೇ ಇರಬೇಕು, ಸಭೆಗೆ ಹೋಗಲೊಲ್ಲದವರು, ನೆಂಟರನ್ನು ತಪ್ಪಿಸಿಕೊಳ್ಳುವವರು, ಕ್ಲಾಸಿಗೆ ಚಕ್ಕರ್ ಹೊಡೆಯುವ ನನ್ನ ಹುಡುಗರು, ಎಲ್ಲರೂ ಈ ನೋವನ್ನೇ ಎರವಲು ತರುತ್ತಾರೆ. ಎರವಲು ತರುವವರು ಹೆಚ್ಚಿದ ಹಾಗೆಲ್ಲ ಅದರ ನಿಜವಾದ ಒಡೆಯರನ್ನು ನಂಬುವವರು ಕಡಮೆಯಾಗಿದ್ದಾರೆ.

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಈ ನೋವಿನ ವಿಷಯದಲ್ಲಿ ಮೊದಲು ಆಸಕ್ತಿ ಹುಟ್ಟಿದ್ದು ಅದರ ಕ್ರಿಯಾಪದಗಳಿಂದ. ನಮ್ಮ ಜನರ ತಲೆ ಒಂದೇ ರೀತಿ ನೋಯುವುದಿಲ್ಲ. ಒಬ್ಬರ ತಲೆ ಸಿಡಿಯುತ್ತದೆ, ಒಬ್ಬರದು ಹಿಡಿದುಕೊಳ್ಳುತ್ತದೆ, ಒಬ್ಬರದು ಭಾರವಾಗುತ್ತದೆ, ಇನ್ನೊಬ್ಬರದು ಧಿಮ್ಮೆನ್ನುತ್ತದೆ. ಇವನ್ನೆಲ್ಲ ಮಾತಿನ ಅಲಂಕಾರವೆಂದು ತಿಳಿಯಬಾರದು, ಇವು ರೋಗಲಕ್ಷಣಗಳು. ಹಳಬರಿಗೆ ಇದು ಚೆನ್ನಾಗಿ ಗೊತ್ತಿತ್ತು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಶಿರೋರೋಗಗಳು 11 ಬಗೆ ಎಂದು ಹೇಳಿದೆ. ಅದರಲ್ಲಿ ಸೂರ್ಯಾವರ್ತವೆಂಬುದೊಂದು: ಹೊತ್ತು ಏರಿದಂತೆ ಏರಿ, ಹೊತ್ತು ಇಳಿದಂತೆ ಇಳಿಯುವ ನೋವು. ಅರ್ಧಾವಭೇದಕವೆಂಬುದು ಇನ್ನೊಂದು: ತಲೆಯ ಅರ್ಧವನ್ನು ಮಾತ್ರ ಭೇದಿಸುವಂಥದು. ಇದನ್ನೇ ನಮ್ಮ ಹೆಂಗಸರು ಅರೆತಲೆನೋವು ಎಂದರು. ಗ್ರೀಕರು ತಮ್ಮ ಮಾತಿನಲ್ಲಿ ‘ಅರೆ ತಲೆಬುರುಡೆ’ ಎಂಬ ಅರ್ಥದ ಹೆಮಿಕ್ರೇನಿಯಾ ಎಂದರು. ಆ ಪದ ಸವೆದು ಸವೆದು ಇಂದಿನ ಮೈಗ್ರೇನ್ ಆಯಿತು. ಮೂರು ನುಡಿಗಳವರು ಒಂದೇ ನೋವನ್ನು ನೋಡಿ ಒಂದೇ ಹೆಸರಿಟ್ಟಿದ್ದಾರೆ. ಹೊಸಬರೂ ಸುಮ್ಮನೆ ಕೂತಿಲ್ಲ. ಅಂತಾರಾಷ್ಟ್ರೀಯ ತಲೆನೋವು ಸಂಘದವರು 1988ರಲ್ಲಿ ಮೊದಲ ವರ್ಗೀಕರಣವನ್ನು ಹೊರತಂದರು. 2018ರಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ತಲೆನೋವಿನ ಬಗೆಗಳು ನೂರನ್ನೂ ಮೀರಿ ಬೆಳೆದಿವೆ. ನಮ್ಮ ವ್ಯಾಕರಣದ ಸಂಧಿ ಸಮಾಸಗಳೆಲ್ಲ ಕೂಡಿದರೂ ಅಷ್ಟಾಗಲಾರವು!

ಇಷ್ಟು ಬಗೆಗಳನ್ನು ನಾವು ನೀವು ಕಲಿಯಬೇಕಾಗಿಲ್ಲ. ಮೂರನ್ನು ಗುರುತಿಸಿದರೆ ಸಂಸಾರಕ್ಕೆ ಸಾಕು. ಅವನ್ನು ಗುರುತಿಸುವ ಉಪಾಯವನ್ನು ನಾನು ಕಲಿತದ್ದು ನನ್ನ ಅಕ್ಕನನ್ನು ನೋಡಿದ ಒಬ್ಬ ವೃದ್ಧ ಡಾಕ್ಟರಿಂದ.

ಅಕ್ಕನನ್ನು ಮಲೆನಾಡಿನ ಒಂದು ದೊಡ್ಡ ಮನೆಗೆ ಕೊಟ್ಟಿತ್ತು. ದಿನಕ್ಕೆ ಇಪ್ಪತ್ತು ಎಲೆ ಬೀಳುವ ಮನೆ. ತಿಂಗಳಿಗೆ ಎರಡು ಸಲ ಅವಳು ಕತ್ತಲೆ ಕೋಣೆ ಸೇರಿ, ಹಣೆಗೆ ಶುಂಠಿ ತೇದು ಹಚ್ಚಿ, ಬಟ್ಟೆ ಬಿಗಿದು ಮಲಗುತ್ತಿದ್ದಳು. ಏಕಾದಶಿಯ ಉಪವಾಸ ಅವಳಿಗಾಗದು. ಹಬ್ಬದ ದಿನ ತಲೆಗೆ ನೀರು ಹಾಕಿಕೊಂಡರೆ ಮಧ್ಯಾಹ್ನಕ್ಕೆ ನೋವು ಗ್ಯಾರಂಟಿ. “ಹಬ್ಬ ಬಂದರೆ ನಮ್ಮ ಸೊಸೆಗೆ ತಲೆನೋವೂ ಬರುತ್ತದೆ” ಎಂದು ಅವಳ ಅತ್ತೆ ನೆರೆಯವರೊಡನೆ ನಗುತ್ತಿದ್ದರು. ಆ ಮಾತು ಅಕ್ಷರಶಃ ನಿಜವಾಗಿತ್ತು. ತಲೆಸ್ನಾನದಿಂದಲೇ ಕೆರಳುವ ಅರೆತಲೆನೋವನ್ನು ಕುರಿತು 94 ಮಂದಿ ಭಾರತೀಯ ರೋಗಿಗಳನ್ನು ಗಮನಿಸಿ ಬರೆದ ಲೇಖನವೊಂದು 2006ರಲ್ಲಿ ವೈದ್ಯಪತ್ರಿಕೆಯಲ್ಲಿ ಬಂದಿದೆ. ಆದರೆ ಆ ಮನೆಯಲ್ಲಿ ಅದು ರೋಗವೆನಿಸಲಿಲ್ಲ, ಮೈಗಳ್ಳತನವೆನಿಸಿತು. ಹಾಗೆ ಹನ್ನೆರಡು ವರ್ಷ ಕಳೆಯಿತು.

ಆ ಡಾಕ್ಟರು ಅಕ್ಕನ ನಾಡಿ ಹಿಡಿಯುವುದಕ್ಕೆ ಮೊದಲು ಅರ್ಧ ಗಂಟೆ ಮಾತಾಡಿಸಿದರು. ಎಲ್ಲಿ ನೋವು? ಎಷ್ಟು ಹೊತ್ತು? ಬಡಿದ ಹಾಗೋ, ಬಿಗಿದ ಹಾಗೋ? ಜೊತೆಗೆ ಇನ್ನೇನು? ಕೊನೆಗೆ, “ನೋವು ಬಂದಾಗ ನೀವೇನು ಮಾಡುತ್ತೀರಮ್ಮ?” ಎಂದು ಕೇಳಿದರು. ಅಕ್ಕ ಒಂದೊಂದನ್ನೂ ಹೇಳಿದಳು. ಒಂದೇ ಪಕ್ಕ, ನಾಡಿಯ ಜೊತೆಗೆ ಮಿಡಿದ ಹಾಗೆ, ಒಂದು ದಿನ, ಕೆಲವು ಸಲ ಎರಡು ದಿನ, ವಾಕರಿಕೆ, ಬೆಳಕು ಬೇಡ, ಪಾತ್ರೆಯ ಸದ್ದು ಬೇಡ, ಮೆಟ್ಟಿಲು ಹತ್ತಿದರೆ ನೋವು ಹೆಚ್ಚು. ನೋವಿಗೆ ಮುಂಚೆ ಒಮ್ಮೊಮ್ಮೆ ಕಣ್ಣಮುಂದೆ ರಂಗೋಲಿಯ ಗೆರೆ ಅಂಕುಡೊಂಕಾಗಿ ಮಿಂಚುತ್ತದೆ. ಪಾಶ್ಚಾತ್ಯ ವೈದ್ಯರು ಈ ಗೆರೆಗಳನ್ನು ಕೋಟೆಯ ಗೋಡೆಗೆ ಹೋಲಿಸಿದ್ದಾರೆ. ಅಕ್ಕನ ಉಪಮಾನ ಮನೆಯಂಗಳದ್ದು. “ಇದು ಮೈಗ್ರೇನ್. ಇದು ರೋಗ, ನೆಪವಲ್ಲ” ಎಂದು ಡಾಕ್ಟರು ಭಾವನ ಕಡೆ ತಿರುಗಿ ಹೇಳಿದರು. ಅಕ್ಕ ಅತ್ತದ್ದು ಆಗ. ನೋವಿಗಲ್ಲ, ಹೆಸರು ಸಿಕ್ಕಿದ್ದಕ್ಕೆ.

ಆ ಕೊನೆಯ ಪ್ರಶ್ನೆಯಲ್ಲಿ ದೊಡ್ಡ ಗುಟ್ಟಿದೆ. ಅರೆತಲೆನೋವಿನವರು ಕತ್ತಲೆಯಲ್ಲಿ ಅಲುಗಾಡದೆ ಮಲಗುತ್ತಾರೆ. ನನ್ನಂಥವರಿಗೆ ಬರುವುದು ಇನ್ನೊಂದು, ಬಿಗಿತದ ತಲೆನೋವು. ಏಪ್ರಿಲ್ ಮೇ ತಿಂಗಳಲ್ಲಿ ಉತ್ತರಪತ್ರಿಕೆಗಳ ಕಟ್ಟಿನ ಮುಂದೆ ಕುಳಿತಾಗ, ತಲೆಗೆ ಚಿಕ್ಕ ಅಳತೆಯ ಪೇಟವನ್ನು ಯಾರೋ ಬಲವಂತವಾಗಿ ಕೂರಿಸಿದಂತೆ ಎರಡೂ ಪಕ್ಕ ಒತ್ತುತ್ತದೆ. ಗೊಣಗುತ್ತಲೇ ಕೆಲಸ ಮಾಡಬಹುದು, ಊಟ ಸೇರುತ್ತದೆ. ನಮಗೆ ಹಳದಿ ಅಮೃತಾಂಜನವೇ ಗತಿ. 1893ರಲ್ಲಿ ಮುಂಬಯಿಯಲ್ಲಿ ಅದನ್ನು ಶುರುಮಾಡಿದ ಕಾಶೀನಾಧುನಿ ನಾಗೇಶ್ವರರಾಯರು ಮುಂದೆ ‘ಆಂಧ್ರಪತ್ರಿಕೆ’ಯನ್ನೂ ನಡೆಸಿದರು. ಪತ್ರಿಕೆ ನಡೆಸುವವರಿಗೆ ತಲೆನೋವಿನ ಮರ್ಮ ತಿಳಿದಿರುವುದು ಸಹಜವೇ.

ಮೂರನೆಯದು ಅಪರೂಪ, ಆದರೆ ಘೋರ. ನನಗೆ ಪರಿಚಯದ ಗುಮಾಸ್ತರೊಬ್ಬರಿಗೆ ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟಂತೆ ಒಂದು ಕಣ್ಣಿನ ಹಿಂದೆ ಕಾದ ಸಲಾಕೆ ಚುಚ್ಚುತ್ತಿತ್ತು. ಆ ಕಣ್ಣು ಕೆಂಪಾಗಿ ನೀರು ಸುರಿಯುವುದು, ಅದೇ ಪಕ್ಕದ ಮೂಗು ಕಟ್ಟುವುದು. ಅವರು ಮಲಗಲಾರರು, ಜಗಲಿಯ ಮೇಲೆ ಶತಪಥ ಹಾಕುತ್ತಿದ್ದರು. ಒಂದು ಗಂಟೆಯಲ್ಲಿ ನಿಲ್ಲುವುದು, ಮರುದಿನ ಮತ್ತೆ ಅದೇ ಹೊತ್ತಿಗೆ ಹಾಜರು. ಆರು ವಾರ ಕಾಡಿ, ವರ್ಷಗಟ್ಟಲೆ ಮಾಯ. ಈ ನಡುವೆ ಅವರು ಎರಡು ಒಳ್ಳೆಯ ಹಲ್ಲುಗಳನ್ನು ಕೀಳಿಸಿಕೊಂಡಿದ್ದರು. ಇದಕ್ಕೆ ಕ್ಲಸ್ಟರ್ ತಲೆನೋವು ಎಂದು ಹೆಸರು. ಹೆಸರು ತಿಳಿದ ಮೇಲೆ ಆಮ್ಲಜನಕದ ಮುಖವಾಡದಿಂದ ಕಾಲು ಗಂಟೆಯಲ್ಲಿ ಅವರ ನೋವು ಇಳಿಯತೊಡಗಿತು. ಹಲ್ಲು ಮಾತ್ರ ಹಿಂತಿರುಗಿ ಬರಲಿಲ್ಲ.

ಇವುಗಳ ಮೇಲೆ ನಾವೇ ಕೊಂಡು ತರುವ ತಲೆನೋವೂ ಒಂದುಂಟು. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕೂ ಹೆಚ್ಚು, ಮೂರು ತಿಂಗಳು ಮೀರಿ ನುಂಗುತ್ತಾ ಬಂದರೆ, ಆ ಮಾತ್ರೆಯೇ ತಲೆನೋವು ತರಿಸುತ್ತದೆ. ಬೆರಕೆ ಮಾತ್ರೆಗಳಾದರೆ 10 ದಿನವೇ ಸಾಕು. ಸಾಲ ತೀರಿಸಲು ಸಾಲ ಮಾಡಿದವನ ಕಥೆ ಅದು. ಬೆಂಗಳೂರಿನ ಸುತ್ತುಮುತ್ತ ಮಾಡಿದ ಒಂದು ಸಮೀಕ್ಷೆಯ ಫಲಿತಾಂಶ 2015ರಲ್ಲಿ ಪ್ರಕಟವಾಯಿತು: ವರ್ಷದಲ್ಲಿ ನೂರಕ್ಕೆ ಸುಮಾರು 64 ಮಂದಿಗೆ ತಲೆನೋವು, ಸುಮಾರು 25 ಮಂದಿಗೆ ಮೈಗ್ರೇನ್, ಹೆಂಗಸರಿಗೇ ಹೆಚ್ಚು. ಎಂದರೆ ಪ್ರತಿಯೊಂದು ಬೀದಿಯಲ್ಲೂ ನನ್ನ ಅಕ್ಕನಂಥವರಿದ್ದಾರೆ.

ಅಕ್ಕನ ಕಥೆ ಅಲ್ಲಿಗೆ ಮುಗಿಯಲಿಲ್ಲ. 2019ರ ಒಂದು ಬೆಳಿಗ್ಗೆ ಹಾಲು ಕಾಯಿಸುತ್ತಿದ್ದವಳು ಒಮ್ಮೆಲೇ ಕತ್ತಿನ ಹಿಂದೆ ಕೈಯಿಟ್ಟು ಕುಸಿದು ಕುಳಿತಳು. ಭಾವ ಅಭ್ಯಾಸಬಲದಿಂದ ಮಾತ್ರೆಯ ಡಬ್ಬಿ ತಂದರು. ಅಕ್ಕ ಅದನ್ನು ದೂಡಿ, “ಇದು ನನ್ನ ತಲೆನೋವಲ್ಲ ಕಣ್ರೀ. ಇದು ಬೇರೆ” ಎಂದಳು. ಮೂವತ್ತು ವರ್ಷ ಒಂದು ನೋವಿನ ಜೊತೆ ಬಾಳಿದವಳ ಮಾತು ಅದು. ಭಾವ ಮರುಮಾತಿಲ್ಲದೆ ಕಾರು ತೆಗೆಸಿದರು. ಸ್ಕ್ಯಾನ್ ಮಾಡಿದಾಗ ಮಿದುಳಿನ ಹೊದಿಕೆಯ ಕೆಳಗೆ ರಕ್ತನಾಳವೊಂದು ಬಿರಿದು ರಕ್ತ ಹರಿದಿತ್ತು. ಅಂದೇ ಆಸ್ಪತ್ರೆ ಸೇರಿದ್ದರಿಂದ ಅಕ್ಕ ಉಳಿದಳು. ಹಿಂದಿನ ಹನ್ನೆರಡು ವರ್ಷದ ಭಾವನಾಗಿದ್ದರೆ “ಸ್ವಲ್ಪ ಮಲಗು, ಹೋಗುತ್ತದೆ” ಎನ್ನುತ್ತಿದ್ದರೋ ಏನೋ. ಆ ವೃದ್ಧ ಡಾಕ್ಟರ ಅರ್ಧ ಗಂಟೆಯ ಮಾತು ಆ ಮನೆಗೆ ಅವಳ ಮಾತನ್ನು ನಂಬುವುದನ್ನು ಕಲಿಸಿತ್ತು.

ಆದ್ದರಿಂದ ಇಷ್ಟು ಮಾತ್ರ ನೆನಪಿಟ್ಟರೆ ಒಳಿತು. ಸಿಡಿಲಿನಂತೆ ಒಂದು ನಿಮಿಷದೊಳಗೆ ತುತ್ತತುದಿಗೇರಿದ ನೋವು. ಜ್ವರದ ಜೊತೆಗೆ ಕತ್ತು ಬಗ್ಗದ ನೋವು. ತೊದಲು ಮಾತು, ಕೈಕಾಲಿನ ಬಲಹೀನತೆಯೊಡನೆ ಬಂದ ನೋವು. ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು. ಇವುಗಳಿಗೆ ನಾಳೆ ಎಂಬುದಿಲ್ಲ, ಕೂಡಲೇ ಆಸ್ಪತ್ರೆ. ಐವತ್ತು ದಾಟಿದ ಮೇಲೆ ಹೊಸದಾಗಿ ಬಂದು, ಕಣತಲೆ ಮುಟ್ಟಿದರೆ ನೋಯುವ, ಅಗಿಯುವಾಗ ದವಡೆ ಸೋಲುವ ತಲೆನೋವನ್ನೂ ತಡಮಾಡಬಾರದು; ಅದು ಕಣ್ಣನ್ನೇ ಕಳೆಯಬಲ್ಲದು.

ವ್ಯಾಕರಣದಲ್ಲಿ ‘ನನ್ನ’ ಎಂಬುದು ಬರಿಯ ಷಷ್ಠೀ ವಿಭಕ್ತಿ. ಸಂಬಂಧವನ್ನು ಹೇಳುತ್ತದೆ ಎಂದು ಪಾಠ ಮಾಡಿ ಮುಂದೆ ಹೋಗುತ್ತೇವೆ. ಒಂದು ಜೀವ ಆ ವಿಭಕ್ತಿಯ ಮೇಲೆ ನಿಂತಿದ್ದನ್ನು ನಾನು ಕಂಡಿದ್ದೇನೆ. ನಿಮ್ಮ ಮನೆಯಲ್ಲಿ ಯಾರಾದರೂ “ತಲೆನೋವು” ಎಂದರೆ, ಮಾತ್ರೆಯ ಡಬ್ಬಿಗೆ ಕೈ ಹಾಕುವ ಮುಂಚೆ ಹತ್ತಿರ ಕುಳಿತು, “ಹೇಗೆ ನೋಯುತ್ತದೆ?” ಎಂದು ಕೇಳಿ. ಅವರು ಹೇಳಿ ಮುಗಿಸುವ ತನಕ ಎದ್ದು ಹೋಗಬೇಡಿ.