ಎಂಬತ್ತೆಂಟನೆಯ ಕೀರ್ತನೆ

ನಮ್ಮ ಮನೆಯಲ್ಲಿ ರಾತ್ರಿ ಎಂಟಕ್ಕೆ ಪ್ರಾರ್ಥನೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಕಲಿಸಿಹೋದ ಈ ರೂಢಿ ಅಜ್ಜನ ಕಾಲದಿಂದಲೂ ತಪ್ಪಿಲ್ಲ. ಅಮ್ಮ ದಿನಕ್ಕೊಂದು ಕೀರ್ತನೆ ಓದುತ್ತಾರೆ, ಸತ್ಯವೇದದಲ್ಲಿ ಇರುವ ಕ್ರಮದಲ್ಲೇ. ಬೇಕಾದದ್ದನ್ನು ಆರಿಸಿಕೊಳ್ಳುವುದಿಲ್ಲ. ಒಟ್ಟು 150, ಐದು ತಿಂಗಳಿಗೊಂದು ಸುತ್ತು. ಚಿಕ್ಕಂದಿನಲ್ಲಿ ನಾನೂ ತಮ್ಮನೂ 117ನೆಯದಕ್ಕೆ ಕಾಯುತ್ತಿದ್ದೆವು. ಅದರಲ್ಲಿ ಎರಡೇ ವಚನ. ಎರಡು ದಿನ ಕಳೆದರೆ 119 ಬರುತ್ತಿತ್ತು, 176 ವಚನ. ಮುಗಿಯುವಷ್ಟರಲ್ಲಿ ತಮ್ಮ ಅಮ್ಮನ ತೊಡೆಯ ಮೇಲೆ ನಿದ್ದೆಹೋಗಿರುತ್ತಿದ್ದ.

ಆ ತಮ್ಮನಿಗೆ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಎರಡೂ ಕಿಡ್ನಿ ಹೋದವು. ವಾರಕ್ಕೆ ಮೂರು ಸಲ ಡಯಾಲಿಸಿಸ್, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಸೂಜಿ ಚುಚ್ಚಲೆಂದು ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದ್ದರು. ಅದರ ಮೇಲೆ ಬೆರಳಿಟ್ಟರೆ ರಕ್ತ ಜುಮುಜುಮು ಹರಿಯುವುದು ತಿಳಿಯುತ್ತಿತ್ತು. ಕಿವಿಯಿಟ್ಟರೆ ದುಂಬಿ ಗುಂಯ್‌ಗುಟ್ಟಿದ ಹಾಗೆ. ಆ ಕಂಪನ ನಿಂತರೆ ನಾಳ ಕಟ್ಟಿತೆಂದು ಲೆಕ್ಕ. ಬೆಳಿಗ್ಗೆ ಅಮ್ಮ ಮೊದಲು ಅವನ ಕೈ ಮುಟ್ಟಿ ನೋಡಿ, ಇದೆ ಎಂದು ತಲೆಯಾಡಿಸಿ, ಆಮೇಲೆ ಕಾಫಿ ಕೊಡುತ್ತಿದ್ದರು. ಅದೂ ಅರ್ಧ ಲೋಟ. ಕುಡಿಯುವ ನೀರಿಗೂ ಅಳತೆಯಿತ್ತು.

ಸಭೆಯವರು ಬರುತ್ತಿದ್ದರು. ಹಣ್ಣು ತರುತ್ತಿದ್ದರು, ಅವನು ತಿನ್ನಬಾರದ ಹಣ್ಣು. ದೇವರ ಚಿತ್ತ ಎನ್ನುತ್ತಿದ್ದರು. ನಂಬಿಕೆ ಗಟ್ಟಿಯಿದ್ದರೆ ಗುಣವಾಗುತ್ತದೆ ಎಂದು ಒಬ್ಬರು ಅವನ ಮುಂದೆಯೇ ಹೇಳಿ ಹೋದರು. ಆ ರಾತ್ರಿ ತಮ್ಮ ಊಟ ಮಾಡಲಿಲ್ಲ. ಅಂದಿನಿಂದ ನನಗೆ ಪ್ರಾರ್ಥನೆ ಬಾರದಾಯಿತು. ಎಂಟು ಗಂಟೆಗೆ ತಲೆ ತಗ್ಗಿಸಿ ಕೂರುತ್ತಿದ್ದೆ, ಅಷ್ಟೇ.

ಹಾಗಿರುವಾಗ ಸುತ್ತಿನಲ್ಲಿ 88 ಬಂತು. ಗೋಳಿನ ಕೀರ್ತನೆಗಳು ಬೇಕಾದಷ್ಟಿವೆ. ಆದರೆ ಹೆಚ್ಚಿನವು ಕೊನೆಗೆ ಹೇಗಾದರೂ ಸ್ತೋತ್ರದತ್ತ ಹೊರಳುತ್ತವೆ. ಇದು ಹೊರಳುವುದಿಲ್ಲ. ಎಜ್ರಾಹ್ಯನಾದ ಹೇಮಾನನ ಹೆಸರಿನಲ್ಲಿರುವ ಈ ಹದಿನೆಂಟು ವಚನಗಳು ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ನಿಲ್ಲುತ್ತವೆ. ಸಮಾಧಾನಕ್ಕೆಂದು 23ನೆಯದನ್ನೂ ಓದಬಹುದೆಂದು ಕಾದೆ. ಅಮ್ಮ ಓದಲಿಲ್ಲ. ಕೆಂಪು ದಾರ ಇಟ್ಟು ಪುಸ್ತಕ ಮುಚ್ಚಿದರು.

“ಇದರಲ್ಲಿ ಆಸೆಯೇ ಇಲ್ಲವಲ್ಲ ಅಮ್ಮ?” ಎಂದೆ.

“ಇಲ್ಲ ಮಗಾ. ಆದರೆ ಅವನು ಹೇಳುವುದು ಯಾರ ಹತ್ತಿರ, ನೋಡು.”

ಆಮೇಲೆ ಒಬ್ಬಳೇ ಕೂತು ಮತ್ತೆ ಓದಿದೆ. ನೀನೇ ನನ್ನನ್ನು ಗುಂಡಿಗೆ ತಳ್ಳಿದವನು ಎಂದು ಹೇಮಾನ ದೇವರ ಮುಖಕ್ಕೇ ಹೇಳುತ್ತಾನೆ. ಆದರೂ ಬೇರೆ ಯಾರ ಬಾಗಿಲಿಗೂ ಹೋಗುವುದಿಲ್ಲ. ಕೀರ್ತನೆಗಳನ್ನು ಒಟ್ಟುಗೂಡಿಸಿದವರು ಇದನ್ನು ಅವಿಶ್ವಾಸಿಯ ಮಾತೆಂದು ಕಿತ್ತುಹಾಕಲಿಲ್ಲ. ಆರಾಧನೆಯ ಹಾಡುಗಳ ನಡುವೆಯೇ ಇಟ್ಟರು. ಸತ್ಯವೇದದಲ್ಲಿ ನೋವುಂಡ ಯೋಬನ ಸ್ನೇಹಿತರೂ ಏಳು ದಿನ ನೆಲದ ಮೇಲೆ ಅವನ ಜೊತೆ ಸುಮ್ಮನೆ ಕೂತಷ್ಟು ಹೊತ್ತು ಸ್ನೇಹಿತರಾಗಿದ್ದರು. ಬಾಯಿ ತೆರೆದು ದೇವರ ಪರ ವಾದ ಹೂಡಿದ ಮೇಲೆಯೇ ಕೆಟ್ಟರು. ಕಡೆಗೆ ದೇವರು ಸಿಟ್ಟಾದದ್ದು ಅವರ ಮೇಲೆ, ಕೂಗಾಡಿದ ಯೋಬನ ಮೇಲಲ್ಲ. ಯೇಸುಸ್ವಾಮಿಗೂ ಗೆತ್ಸೆಮನೆಯಲ್ಲಿ ಬೇಡಿಕೊಂಡದ್ದು ಸಿಗಲಿಲ್ಲ. ಏಕೆ ನನ್ನನ್ನು ಕೈಬಿಟ್ಟೆ ಎಂದು ಶಿಲುಬೆಯ ಮೇಲೆ ತಂದೆಯನ್ನು ಕೇಳಿದ ಪ್ರಶ್ನೆ 22ನೆಯ ಕೀರ್ತನೆಯದು. ಹಾಗಿದ್ದ ಮೇಲೆ ನನ್ನ ತಮ್ಮನ ನಂಬಿಕೆಗೆ ತಕ್ಕಡಿ ಹಿಡಿಯುವ ಅಧಿಕಾರ ಯಾರಿಗಿತ್ತು? ಇವತ್ತಿಗೂ ನನಗೆ ಅದು ದೊಡ್ಡ ಅನ್ಯಾಯವೆಂದೇ ಅನಿಸುತ್ತದೆ. ನೆರೆಮನೆಯ ಹೆಂಗಸೊಬ್ಬರು ಡಯಾಲಿಸಿಸ್ ದಿನಗಳಲ್ಲಿ ಬಂದು, ಒಂದೂ ಮಾತಾಡದೆ ತರಕಾರಿ ಹೆಚ್ಚಿಟ್ಟು ಹೋಗುತ್ತಿದ್ದರು. ಅವರ ಬೆನ್ನು ನೋಡುತ್ತಾ ಒಂದು ದಿನ ನನಗೆ ಪ್ರಾರ್ಥನೆ ಬಂತು. ಬೈಗುಳದಂಥ ಪ್ರಾರ್ಥನೆ. ಆದರೂ ಬಂತು.

ಎರಡೂವರೆ ತಿಂಗಳ ಮೇಲೆ, ಆಟಿ ತಿಂಗಳ ಮಳೆಯಲ್ಲಿ, ತಮ್ಮ ತೀರಿಕೊಂಡ. ಮಣ್ಣು ಮಾಡಿ ಬಂದ ರಾತ್ರಿ ಎಂಟಕ್ಕೆ ಅಮ್ಮ ಎಂದಿನಂತೆ ಪುಸ್ತಕ ತೆಗೆದರು. ದಾರ 13ನೆಯದರಲ್ಲಿತ್ತು. ಇನ್ನೆಷ್ಟು ಕಾಲ ಎಂದು ಮತ್ತೆ ಮತ್ತೆ ಕೇಳುವ ಚಿಕ್ಕ ಕೀರ್ತನೆ. ಅಮ್ಮನ ಬೆರಳು ಹಾಳೆಯ ಮೇಲೆ ನಿಂತಿತು, ಬೆಳಿಗ್ಗೆ ಅವನ ಕೈಯ ಮೇಲೆ ನಿಲ್ಲುತ್ತಿದ್ದ ಹಾಗೆಯೇ. ಸ್ವಲ್ಪ ಹೊತ್ತಾದ ಮೇಲೆ ಪುಸ್ತಕವನ್ನು ನನ್ನತ್ತ ಸರಿಸಿ, “ಇವತ್ತು ನೀನು ಓದು” ಎಂದರು. ಎರಡನೆಯ ವಚನಕ್ಕೆ ನನ್ನ ಗಂಟಲು ಕಟ್ಟಿತು. ತಮ್ಮನ ಹೆಂಡತಿ ಪಕ್ಕಕ್ಕೆ ಬಂದು ಬಗ್ಗಿ, ಮೂರನೆಯದರಿಂದ ಓದತೊಡಗಿದಳು.