ದಾಖಲೆಯೂ ಒಂದು ಅಮಾನತ್

ಅಂಗಡಿಯ ಲೆಕ್ಕಪುಸ್ತಕ ಅಂಗಡಿಯವನದೇ. ಆದರೆ ಅದರೊಳಗೆ ದಾಖಲಾಗಿರುವ ಬದುಕು ಯಾರದು? ಔಷಧದಂಗಡಿಯ ರಸೀದಿಯಲ್ಲಿ ರೋಗಿಯ ಗುಟ್ಟಿದೆ, ಬ್ಯಾಂಕಿನ ಖಾತೆಯಲ್ಲಿ ಒಂದು ಮನೆಯ ಕಷ್ಟಸುಖವಿದೆ, ಗ್ರಂಥಾಲಯದ ದಾಖಲೆಯಲ್ಲಿ ಓದುಗನ ಮನಸ್ಸಿದೆ. ಗುಪ್ತಚರ ಸಂಸ್ಥೆಯೊಂದು ದೇಶದ ಭದ್ರತೆಯ ಹೆಸರಿನಲ್ಲಿ ಇವನ್ನು ಕೇಳಿದಾಗ ಕಾನೂನು ಎಲ್ಲಿ ನಿಲ್ಲಬೇಕು?

ನನ್ನ ತಂದೆಯವರು ಚಿಕ್ಕದೊಂದು ದಿನಸಿ ಅಂಗಡಿ ನಡೆಸುತ್ತಿದ್ದರು. ಸಾಲದ ಪುಸ್ತಕವನ್ನು ಮಕ್ಕಳಾದ ನಾವೂ ತೆರೆಯುವಂತಿರಲಿಲ್ಲ. "ಇದರಲ್ಲಿರುವುದು ನಮ್ಮ ಹಣ, ಜನರ ಮಾನ" ಎನ್ನುತ್ತಿದ್ದರು. ಮುಂದೆ ಮದ್ರಸದಲ್ಲಿ ಉಸ್ತಾದರು ಅಮಾನತ್ ಎಂಬ ಪದದ ಅರ್ಥವನ್ನು ವಿವರಿಸಿದಾಗ ಆ ಮಾತಿನ ತೂಕ ತಿಳಿಯಿತು. ನಂಬಿ ಒಪ್ಪಿಸಿದ ವಸ್ತು ಮಾತ್ರವಲ್ಲ, ನಂಬಿ ಹೇಳಿದ ಮಾತೂ ಅಮಾನತ್ ಆಗಿದೆ. ಕೈ ಬದಲಾದ ಮಾತ್ರಕ್ಕೆ ಅದರ ಮೇಲಿನ ಹಕ್ಕು ಅಳಿಯುವುದಿಲ್ಲ.

ಅಮೆರಿಕದ ಸುಪ್ರೀಮ್ ಕೋರ್ಟ್ 1976ರಲ್ಲಿ ಮಿಲ್ಲರ್ ಪ್ರಕರಣದಲ್ಲಿ ಇದಕ್ಕೆ ವಿರುದ್ಧವಾದ ನಿಲುವು ತಳೆಯಿತು. ಗ್ರಾಹಕನು ತನ್ನ ವಿವರಗಳನ್ನು ತಾನಾಗಿಯೇ ಬ್ಯಾಂಕಿಗೆ ಒಪ್ಪಿಸಿದ ಮೇಲೆ ಅವು ಬ್ಯಾಂಕಿನ ದಾಖಲೆಗಳು. ಸಂವಿಧಾನದ ನಾಲ್ಕನೆಯ ತಿದ್ದುಪಡಿಯ ರಕ್ಷಣೆ ಅವನಿಗೆ ದೊರೆಯದು ಎಂಬುದು ಆ ತೀರ್ಪಿನ ಸಾರ. 1979ರಲ್ಲಿ ಇದೇ ತರ್ಕವನ್ನು ನಾವು ಕರೆ ಮಾಡುವ ದೂರವಾಣಿ ಸಂಖ್ಯೆಗಳಿಗೂ ಅನ್ವಯಿಸಲಾಯಿತು. ಹೀಗೆ ರಕ್ಷಣೆಯ ಹೊಣೆ ಬಹುತೇಕ ಶಾಸನಗಳ ಮೇಲೆ ಬಿತ್ತು.

1978ರ ವಿದೇಶಿ ಗುಪ್ತಚರ ಕಣ್ಗಾವಲು ಕಾಯ್ದೆಯು ಇದಕ್ಕಾಗಿ ಗುಪ್ತವಾಗಿ ಕಲಾಪ ನಡೆಸುವ ಒಂದು ನ್ಯಾಯಾಲಯವನ್ನು ಸ್ಥಾಪಿಸಿತು. 1998ರ ತಿದ್ದುಪಡಿಯು ಸಾರಿಗೆ, ವಸತಿಗೃಹ, ಬಾಡಿಗೆ ವಾಹನ ಮತ್ತು ಗೋದಾಮುಗಳ ದಾಖಲೆಗಳನ್ನು ಕೇಳಲು ಅವಕಾಶ ನೀಡಿತಾದರೂ, ಆ ವ್ಯಕ್ತಿಯು ವಿದೇಶಿ ಶಕ್ತಿಯ ಪರವಾಗಿ ಕೆಲಸ ಮಾಡುತ್ತಿದ್ದಾನೆಂದು ನಂಬಲು ನಿರ್ದಿಷ್ಟ ಸಂಗತಿಗಳನ್ನು ತೋರಿಸಬೇಕಿತ್ತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಬಂದ ಪೇಟ್ರಿಯಟ್ ಕಾಯ್ದೆಯ 215ನೇ ಕಲಮು ಈ ಎರಡೂ ಬೇಲಿಗಳನ್ನು ಕಿತ್ತಿತು. ಯಾವ ದಾಖಲೆಯನ್ನಾದರೂ ಕೇಳಬಹುದಾಯಿತು. ಆ ವ್ಯಕ್ತಿಯ ಮೇಲೆಯೇ ಸಂಶಯವಿರಬೇಕೆಂಬ ನಿಯಮ ಹೋಯಿತು. ಆದೇಶ ಬಂದಿದೆಯೆಂದು ಇತರರಿಗೆ ತಿಳಿಸುವುದಕ್ಕೂ ನಿಷೇಧವಿತ್ತು. ಗ್ರಂಥಪಾಲಕರು ಇದನ್ನು ಬಲವಾಗಿ ವಿರೋಧಿಸಿದರು. 2006ರಲ್ಲಿ ವಕೀಲರ ಸಲಹೆ ಪಡೆಯುವ, ಆದೇಶವನ್ನು ಪ್ರಶ್ನಿಸುವ ಹಕ್ಕುಗಳು ಸೇರಿದವು. ದಾಖಲೆಯು ತನಿಖೆಗೆ 'ಸಂಬಂಧಿಸಿದ್ದು' ಎಂದು ತೋರಿಸುವ ಷರತ್ತೂ ಬಂತು.

ಆ ಒಂದು ಪದವೇ ಎಲ್ಲವನ್ನೂ ನುಂಗಿತು. 2013ರ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡನ್ ಮೂಲಕ ಹೊರಬಂದ ಆದೇಶದಂತೆ, ವೆರಿಝಾನ್ ಕಂಪೆನಿಯು ತನ್ನ ಗ್ರಾಹಕರ ಕರೆಗಳ ವಿವರಗಳನ್ನು ಪ್ರತಿದಿನವೂ ಒಪ್ಪಿಸಬೇಕಿತ್ತು. ಮಾತಿನ ಧ್ವನಿಮುದ್ರಣ ಅದರಲ್ಲಿರಲಿಲ್ಲ. ಯಾರು, ಯಾರಿಗೆ, ಯಾವಾಗ, ಎಷ್ಟು ಹೊತ್ತು ಎಂಬುದೆಲ್ಲ ಇತ್ತು. ಎಲ್ಲರ ಕರೆಗಳೂ ತನಿಖೆಗೆ 'ಸಂಬಂಧಿಸಿದ್ದು' ಎಂದು ನ್ಯಾಯಾಲಯ ಒಪ್ಪಿಕೊಂಡಿತ್ತು, ಅದೂ ಒಂದೇ ಪಕ್ಷದ ವಾದ ಕೇಳಿ. ಈ ಸಂಗ್ರಹವು ಭಯೋತ್ಪಾದನೆಯ ಯಾವ ತನಿಖೆಯ ಫಲಿತಾಂಶದಲ್ಲೂ ನಿರ್ಣಾಯಕ ವ್ಯತ್ಯಾಸ ಮಾಡಿದ್ದನ್ನು ತಾನು ಕಾಣಲಿಲ್ಲವೆಂದು ಸರಕಾರದ್ದೇ ಖಾಸಗಿತನ ಮೇಲ್ವಿಚಾರಣಾ ಮಂಡಳಿ 2014ರ ಜನವರಿಯಲ್ಲಿ ವರದಿ ನೀಡಿತು. 2015ರ ಜೂನ್‌ನ ಕಾಯ್ದೆಯು ಸಾಮೂಹಿಕ ಸಂಗ್ರಹವನ್ನು ನಿಲ್ಲಿಸಿ, ನಿರ್ದಿಷ್ಟ ವ್ಯಕ್ತಿ ಅಥವಾ ಖಾತೆಯನ್ನು ಹೆಸರಿಸಬೇಕೆಂದಿತು. ಮಹತ್ವದ ಪ್ರಕರಣಗಳಲ್ಲಿ ಸ್ವತಂತ್ರ ವಕೀಲರ ಅಭಿಪ್ರಾಯ ಕೇಳುವ ವ್ಯವಸ್ಥೆಯೂ ಬಂತು. 2020ರ ಮಾರ್ಚ್‌ನಲ್ಲಿ 215ನೇ ಕಲಮಿನ ಅವಧಿಯೇ ಮುಗಿದು, ಹೊಸ ತನಿಖೆಗಳಿಗೆ 1998ರ ನಿಯಮ ಮರಳಿತು.

ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 12ನೇ ಸೂಕ್ತವನ್ನು ಪಾಠ ಮಾಡುವಾಗ ನಾನು ಅದರ ಕ್ರಮವನ್ನು ಮಕ್ಕಳ ಗಮನಕ್ಕೆ ತರುತ್ತೇನೆ. ಮೊದಲು ಸಂಶಯ, ಆಮೇಲೆ ಗೂಢಚರ್ಯೆ, ಕೊನೆಗೆ ಪರನಿಂದೆ. ಒಂದನ್ನು ತಡೆಯದಿದ್ದರೆ ಇನ್ನೊಂದು ಬರುತ್ತದೆ. ಅಮಾಯಕರ ಜೀವ ತೆಗೆಯಲು ಹೊಂಚು ಹಾಕುವವರಿದ್ದಾರೆ, ಅವರನ್ನು ಹಿಡಿಯುವುದು ಸರಕಾರದ ಕರ್ತವ್ಯ. ಆದ್ದರಿಂದಲೇ ದಾಖಲೆ ಕೇಳುವವರು ಕಾರಣ ಹೇಳಬೇಕು. ಆ ಕಾರಣವನ್ನು ಪರೀಕ್ಷಿಸಲು ಅವರಿಗೆ ಅಧೀನನಲ್ಲದ ನ್ಯಾಯಾಧೀಶನಿರಬೇಕು. ಇದು ತನಿಖೆಗೆ ಅಡ್ಡಿಯಲ್ಲ, ಅದರ ದಾರಿ ತಪ್ಪದಂತೆ ಹಾಕಿದ ಕಟ್ಟುಪಾಡು.

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಬಂಧುವೊಬ್ಬರು ಆ ವರ್ಷಗಳಲ್ಲಿ ಗ್ರಂಥಾಲಯದಿಂದ ಅರಬ್ ಇತಿಹಾಸದ ಪುಸ್ತಕ ತರಲೂ ಹಿಂಜರಿಯುತ್ತಿದ್ದರಂತೆ. ಅವರ ದಾಖಲೆಯನ್ನು ಯಾರೂ ತೆರೆದಿರಲಿಕ್ಕಿಲ್ಲ. ಆದರೂ ಒಬ್ಬ ಓದುಗನ ಕೈಯಿಂದ ಪುಸ್ತಕ ಜಾರಿತು. ಈ ನಷ್ಟ ಯಾವ ವರದಿಯಲ್ಲೂ ದಾಖಲಾಗುವುದಿಲ್ಲ.

ನಮ್ಮ ದೇಶದ ಸುಪ್ರೀಮ್ ಕೋರ್ಟ್ ಮಿಲ್ಲರ್ ತರ್ಕವನ್ನು ಒಪ್ಪಲಿಲ್ಲ ಎಂಬುದು ಸಮಾಧಾನದ ಸಂಗತಿ. ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕಿಗೆ ಸಂಬಂಧಿಸಿದ 2004ರ ತೀರ್ಪಿನಲ್ಲಿ, ಗ್ರಾಹಕನ ಕಾಗದಪತ್ರಗಳು ಬ್ಯಾಂಕಿನಲ್ಲಿದ್ದರೂ ಅವುಗಳ ಗೋಪ್ಯತೆ ಉಳಿಯುತ್ತದೆ ಎಂದು ಅದು ಹೇಳಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ 9 ನ್ಯಾಯಾಧೀಶರ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 17ನೇ ಕಲಮು, ಭದ್ರತೆಯ ಕಾರಣಕ್ಕೆ ಸರಕಾರವು ತನ್ನ ಸಂಸ್ಥೆಗಳಿಗೆ ಅಧಿಸೂಚನೆಯ ಮೂಲಕ ವಿನಾಯಿತಿ ನೀಡಲು ಅವಕಾಶ ಕೊಟ್ಟಿದೆ. ಒಂದು ಸಡಿಲ ಪದ ಎಷ್ಟು ದೂರ ಹೋಗಬಲ್ಲದೆಂಬುದನ್ನು ಕಂಡ ಮೇಲೆ ಈ ವಿನಾಯಿತಿಯ ಮಿತಿಯೇನೆಂದು ಕೇಳುವುದು ನಾಗರಿಕರೆಲ್ಲರ ಹೊಣೆ.

ಸರಕಾರವನ್ನು ಕೇಳುವ ನಾವು ನಮ್ಮ ಕಪಾಟುಗಳನ್ನೂ ನೋಡಿಕೊಳ್ಳಬೇಕು. ಝಕಾತ್ ಪಡೆದವರ ಪಟ್ಟಿ, ಮದ್ರಸದ ಶುಲ್ಕ ಕಟ್ಟಲಾಗದವರ ಹೆಸರು, ಜಮಾಅತಿನ ಮುಂದೆ ಬಂದ ಮನೆಜಗಳದ ಕಾಗದ ನಮ್ಮ ಬಳಿಯೂ ಇವೆ. ಅವುಗಳ ಬೀಗದ ಕೈ ಯಾರ ಬಳಿಯಿದೆ, ವಾಟ್ಸಾಪಿನಲ್ಲಿ ಅವುಗಳ ಚಿತ್ರ ಎಲ್ಲೆಲ್ಲಿ ತಲುಪಿದೆ ಎಂದು ವಿಚಾರಿಸಿದವರೆಷ್ಟು ಮಂದಿ? ಅಮಾನತಿನ ಬಗ್ಗೆ ನಾಳೆ ಅಲ್ಲಾಹನ ಮುಂದೆ ಉತ್ತರಿಸಬೇಕಾದವರಲ್ಲಿ ನಾವೂ ಇದ್ದೇವೆ.